ಇನ್ಸುಲಿನ್‌ನಲ್ಲಿ ಫಿನಾಯಿಲ್ ಇದೆಯೇ?

"ಡಾಕ್ಟ್ರೇ, ಇನ್ಸುಲಿನ್ ಬಾಟಲಿಗೆ ಫಿನಾಯಿಲ್ ಹಾಕ್ತಾರಂತೆ, ಹೌದಾ?"

ಕಳೆದ ವರ್ಷ ಒಂದು ಸಂಜೆ ನನ್ನ ಕ್ಲಿನಿಕ್ಕಿಗೆ ಬಂದಿದ್ದ ತಾಯಿಯೊಬ್ಬರು ಕೇಳಿದ ಪ್ರಶ್ನೆಯಿದು. ಅವರು ಬಂದದ್ದು ತಮ್ಮ ಮಂಡಿನೋವಿಗೆ. ಔಷಧಿ ತೆಗೆದುಕೊಂಡು ಹೊರಡುವಾಗ ಬಾಗಿಲ ಬಳಿ ನಿಂತು ಹೀಗೆ ಕೇಳಿದರು. ಮಗ್‌ರಿಬ್ ಬಾಂಗ್‌ಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಹೊರಗೆ ಹತ್ತು ಹನ್ನೆರಡು ಮಂದಿ ಕಾಯುತ್ತಿದ್ದರು. "ಕೆಮಿಕಲ್ ಇಲ್ಲದ ಇಂಗ್ಲಿಷ್ ಮದ್ದು ಎಲ್ಲಿದೆ ಹೇಳಿ" ಎಂದು ನಕ್ಕು ಮುಂದಿನವರನ್ನು ಕರೆದೆ.

ಆ ತಾಯಿಯ ಹನ್ನೆರಡು ವರ್ಷದ ಮಗನಿಗೆ ಎರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ನನ್ನ ನಗುವನ್ನು ಅವರು 'ಹೌದು' ಎಂದೇ ತಿಳಿದುಕೊಂಡರು. ಮನೆಗೆ ಹೋಗಿ ಮಗನ ಇಂಜೆಕ್ಷನ್ ನಿಲ್ಲಿಸಿ ಹಾಗಲಕಾಯಿ ರಸ, ಮೆಂತ್ಯೆ ನೀರು ಕೊಡತೊಡಗಿದರು. ಮೂರನೆಯ ದಿನ ಹುಡುಗ ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತಾ ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದ. ನಾಲ್ಕು ದಿನ ತುರ್ತು ನಿಗಾ ಘಟಕದಲ್ಲಿದ್ದ. ಅಲ್‌ಹಮ್ದುಲಿಲ್ಲಾಹ್, ಬದುಕಿ ಬಂದ.

ಆ ತಾಯಿ ನನ್ನನ್ನು ದೂರಲಿಲ್ಲ. ಆದರೆ ಅಂದು ಅವರಿಗೆ ಹತ್ತು ನಿಮಿಷ ಕೊಟ್ಟು ಉತ್ತರಿಸುವುದು ನನ್ನ ಹೊಣೆಯಾಗಿತ್ತು. ಆ ಹತ್ತು ನಿಮಿಷದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ದಯವಿಟ್ಟು ಕೊನೆಯವರೆಗೆ ಓದಿ.

ಇನ್ಸುಲಿನ್ ಏಕೆ ಬೇಕು?

ನಾವು ತಿಂದ ಅನ್ನ, ರೊಟ್ಟಿ, ಹಣ್ಣು ಎಲ್ಲವೂ ಕೊನೆಗೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆ ರಕ್ತದಿಂದ ಜೀವಕೋಶಗಳ ಒಳಗೆ ಹೋಗಬೇಕಾದರೆ ಇನ್ಸುಲಿನ್ ಎಂಬ ಕೀಲಿಕೈ ಬೇಕು. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ ಇದನ್ನು ತಯಾರಿಸುತ್ತದೆ. ಟೈಪ್ 1 ಮಧುಮೇಹದಲ್ಲಿ ಈ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ಇದು ಹೆಚ್ಚಾಗಿ ಮಕ್ಕಳು ಮತ್ತು ಯುವಕರಲ್ಲಿ ಕಾಣಿಸಿಕೊಳ್ಳುತ್ತದೆ. ಟೈಪ್ 2ರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ವರ್ಷಗಳು ಕಳೆದಂತೆ ಅದರ ಉತ್ಪಾದನೆಯೂ ಕುಗ್ಗುತ್ತದೆ.

ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ನಿಂತರೆ ಸಕ್ಕರೆ ರಕ್ತದಲ್ಲೇ ಉಳಿದು ಜೀವಕೋಶಗಳು ಹಸಿದುಕೊಂಡಿರುತ್ತವೆ. ಆಗ ದೇಹ ಕೊಬ್ಬನ್ನು ಕರಗಿಸಲು ಶುರುಮಾಡುತ್ತದೆ. ಅದರಿಂದ ಹುಟ್ಟುವ ಕೀಟೋನ್‌ಗಳು ರಕ್ತವನ್ನು ಆಮ್ಲೀಯಗೊಳಿಸುತ್ತವೆ. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಬಾಯಿಯಿಂದ ಹಣ್ಣಿನಂತಹ ವಾಸನೆ, ಮಂಪರು ಇದರ ಲಕ್ಷಣಗಳು. ಇವು ಕಂಡರೆ ಒಂದು ಗಂಟೆಯನ್ನೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ಸುಲಿನ್ ಪತ್ತೆಯಾಗುವ ಮೊದಲು ಇಂತಹ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಮೊದಲ ಸಲದ ಔಷಧಿ ಶುದ್ಧವಾಗಿರಲಿಲ್ಲ, ಹೆಚ್ಚಿನ ಫಲವೂ ಸಿಗಲಿಲ್ಲ. ಜೇಮ್ಸ್ ಕಾಲಿಪ್ ಎಂಬ ರಸಾಯನ ತಜ್ಞ ಅದನ್ನು ಶುದ್ಧೀಕರಿಸಿದ ಮೇಲೆ ಕೆಲವೇ ದಿನಗಳಲ್ಲಿ ಎರಡನೆಯ ಸಲ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಸಾವಿನ ಅಂಚಿನಲ್ಲಿದ್ದ ಅವನು ಮತ್ತೆ 13 ವರ್ಷ ಬದುಕಿದ.

ಬಾಟಲಿಯೊಳಗೆ ಏನೇನಿದೆ?

ಇನ್ಸುಲಿನ್ ಬಾಟಲಿಯ ಜೊತೆ ಬರುವ ಸಣ್ಣಕ್ಷರದ ಚೀಟಿಯನ್ನು ಬಿಡಿಸಿ ನೋಡಿ. ಇನ್ಸುಲಿನ್ ಅಲ್ಲದೆ ನೀರು, ಗ್ಲಿಸರಿನ್, ಸ್ವಲ್ಪ ಸತು ಮತ್ತು ಪ್ರಿಸರ್ವೇಟಿವ್ ಅಂದರೆ ಕೆಡದಂತೆ ಕಾಪಾಡುವ ವಸ್ತು ಇರುತ್ತದೆ. ಈ ಸಂರಕ್ಷಕಗಳು ಮುಖ್ಯವಾಗಿ ಎರಡು: ಮೆಟಾಕ್ರೆಸಾಲ್ ಮತ್ತು ಫಿನಾಲ್. ಕೆಲವು ಬಗೆಗಳಲ್ಲಿ ಒಂದೇ ಇದ್ದರೆ, ಕೆಲವುದರಲ್ಲಿ ಎರಡೂ ಇರುತ್ತವೆ. ಬಾಟಲಿ ತೆರೆದಾಗ ಮೂಗಿಗೆ ಬರುವ ಆಸ್ಪತ್ರೆಯಂತಹ ವಾಸನೆ ಇವುಗಳದ್ದೇ.

ಆ ತಾಯಿಯ ಗೊಂದಲ ಹುಟ್ಟಿದ್ದು ಇಲ್ಲೇ. ಅವರ ಮೊಬೈಲಿಗೆ ಬಂದ ಸಂದೇಶದಲ್ಲಿ 'ಫಿನಾಲ್' ಎಂದಿತ್ತು. ಅವರು ಓದಿದ್ದು 'ಫಿನಾಯಿಲ್' ಎಂದು. ವಾಸನೆಯೂ ಹೋಲುತ್ತಿದ್ದುದರಿಂದ ನಂಬಿಕೆ ಗಟ್ಟಿಯಾಯಿತು. ನಾವು ನೆಲ ಒರೆಸುವ ಕಪ್ಪು ಫಿನಾಯಿಲ್ ಕಲ್ಲಿದ್ದಲಿನ ಟಾರಿನಿಂದ ಬರುವ ಹಲವು ಎಣ್ಣೆಗಳ ಕಚ್ಚಾ ಮಿಶ್ರಣ. ಅದರಲ್ಲಿ ಫಿನಾಲ್ ಮತ್ತು ಕ್ರೆಸಾಲ್ ಕುಟುಂಬದ ವಸ್ತುಗಳಿರುವುದು ನಿಜ. ಇನ್ಸುಲಿನ್‌ಗೆ ಸೇರಿಸುವುದು ಔಷಧಿಯ ದರ್ಜೆಯ, ಶುದ್ಧೀಕರಿಸಿದ, ಅಳೆದು ತೂಗಿದ ಒಂದೆರಡು ವಸ್ತುಗಳನ್ನು ಮಾತ್ರ. ಎರಡರ ವಾಸನೆಗೆ ನಂಟಿದೆ, ಆದರೆ ಎರಡೂ ಒಂದೇ ಅಲ್ಲ.

ಹಾಗಾದರೆ ಏಕೆ ಸೇರಿಸಬೇಕು?

ಒಂದೇ ಬಾಟಲಿಯಿಂದ ಮೂರ್ನಾಲ್ಕು ವಾರ ಇನ್ಸುಲಿನ್ ತೆಗೆಯುತ್ತೇವೆ. ದಿನಕ್ಕೆ ಎರಡು ಸಲವೆಂದರೂ ಐವತ್ತಕ್ಕೂ ಹೆಚ್ಚು ಬಾರಿ ಅದರ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚುತ್ತೇವೆ. ಪ್ರತಿ ಸಲವೂ ಗಾಳಿಯಿಂದಲೋ ಕೈಯಿಂದಲೋ ಒಂದೆರಡು ಬ್ಯಾಕ್ಟೀರಿಯಾ ಒಳಗೆ ಹೋಗುವ ಸಾಧ್ಯತೆ ಇದೆ. ಸಂರಕ್ಷಕ ಇಲ್ಲದಿದ್ದರೆ ಅವು ಬಾಟಲಿಯೊಳಗೆ ಬೆಳೆದು, ಮುಂದಿನ ಚುಚ್ಚುಮದ್ದಿನೊಂದಿಗೆ ನೇರವಾಗಿ ದೇಹ ಸೇರುತ್ತವೆ.

ಇದು ಬರಿಯ ಊಹೆಯಲ್ಲ. 1928ರಲ್ಲಿ ಆಸ್ಟ್ರೇಲಿಯಾದ ಬುಂಡಬರ್ಗ್ ಎಂಬ ಊರಿನಲ್ಲಿ ಗಂಟಲಮಾರಿ ಕಾಯಿಲೆಯ ಲಸಿಕೆ ಕೊಡಲಾಯಿತು. ಹಲವು ಸಲ ಬಳಸುವ ಆ ಬಾಟಲಿಯಲ್ಲಿ ಸಂರಕ್ಷಕ ಇರಲಿಲ್ಲ. ಒಳಗೆ ಸ್ಟಫಿಲೋಕಾಕಸ್ ಬ್ಯಾಕ್ಟೀರಿಯಾ ಬೆಳೆದಿತ್ತು. ಚುಚ್ಚುಮದ್ದು ಪಡೆದ 21 ಮಕ್ಕಳಲ್ಲಿ 12 ಮಕ್ಕಳು ತೀರಿಕೊಂಡರು. ಹಲವು ಸಲ ಬಳಸುವ ಚುಚ್ಚುಮದ್ದಿನ ಬಾಟಲಿಗಳಿಗೆ ಸಂರಕ್ಷಕ ಬೇಕೆಂಬ ಪಾಠವನ್ನು ಜಗತ್ತು ಕಲಿತದ್ದು ಇಂತಹ ಸಾವುಗಳಿಂದ.

ಇನ್ಸುಲಿನ್ ವಿಷಯದಲ್ಲಿ ಈ ವಸ್ತುಗಳಿಗೆ ಇನ್ನೊಂದು ಕೆಲಸವೂ ಇದೆ. ಇನ್ಸುಲಿನ್ ಒಂದು ಸೂಕ್ಷ್ಮ ಪ್ರೊಟೀನ್. ಬಾಟಲಿಯಲ್ಲಿ ಅದರ ಆರು ಅಣುಗಳು ಸತುವಿನ ಸುತ್ತ ಒಟ್ಟಾಗಿ ನಿಲ್ಲುತ್ತವೆ. ಫಿನಾಲ್ ಮತ್ತು ಮೆಟಾಕ್ರೆಸಾಲ್ ಆ ಗುಂಪನ್ನು ಹಿಡಿದಿಟ್ಟು, ಔಷಧಿ ಬೇಗನೆ ಶಕ್ತಿ ಕಳೆದುಕೊಳ್ಳದಂತೆ ನೋಡಿಕೊಳ್ಳುತ್ತವೆ. ಆದ್ದರಿಂದ 'ಸಂರಕ್ಷಕ ತೆಗೆದು ಶುದ್ಧ ಇನ್ಸುಲಿನ್ ಮಾರಬಾರದೇ' ಎಂಬುದು ಕೇಳಲು ಸುಲಭ, ಮಾಡಲು ಅಷ್ಟು ಸುಲಭವಲ್ಲ.

ದೇಹಕ್ಕೆ ಹೋಗುವುದು ಎಷ್ಟು?

ಒಂದು ಸಣ್ಣ ಲೆಕ್ಕ ಮಾಡೋಣ. ಮೆಟಾಕ್ರೆಸಾಲ್ ಒಂದು ಮಿಲಿಲೀಟರಿಗೆ ಹೆಚ್ಚೆಂದರೆ 3 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ನಮ್ಮಲ್ಲಿ ಸಿಗುವ ಸಾಮಾನ್ಯ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇನ್ಸುಲಿನ್. ದಿನಕ್ಕೆ 30 ಯೂನಿಟ್ ತೆಗೆದುಕೊಳ್ಳುವವರಿಗೆ ಹೋಗುವ ದ್ರವ ಮುಕ್ಕಾಲು ಮಿಲಿಲೀಟರ್, ಅದರಲ್ಲಿ ಸಂರಕ್ಷಕ ಸುಮಾರು ಎರಡೂಕಾಲು ಮಿಲಿಗ್ರಾಂ. ಅಂದರೆ ಒಂದು ಗ್ರಾಂನ ನಾನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಪೆನ್ನಿನಲ್ಲಿ ಬಳಸುವ 100 ಯೂನಿಟ್‌ನ ಇನ್ಸುಲಿನ್ ಆದರೆ ಇದು ಒಂದು ಮಿಲಿಗ್ರಾಂ ಆಸುಪಾಸಿಗೆ ಇಳಿಯುತ್ತದೆ.

ಈ ಜಾತಿಯ ವಸ್ತುಗಳು ನಮ್ಮ ದೇಹಕ್ಕೆ ಅಪರಿಚಿತವಲ್ಲ. ನಾವು ತಿಂದ ಬೇಳೆ, ಮಾಂಸ, ಮೊಟ್ಟೆಯ ಪ್ರೊಟೀನನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುವಾಗ ಫಿನಾಲ್ ಮತ್ತು ಮೆಟಾಕ್ರೆಸಾಲ್‌ನ ಸೋದರ ವಸ್ತುವಾದ ಪ್ಯಾರಾಕ್ರೆಸಾಲ್ ದಿನಾಲೂ ಹುಟ್ಟುತ್ತವೆ. ಯಕೃತ್ತು ಅವುಗಳನ್ನು ನಿರುಪದ್ರವಿ ರೂಪಕ್ಕೆ ತರುತ್ತದೆ, ಮೂತ್ರಪಿಂಡ ಹೊರಹಾಕುತ್ತದೆ. ಇನ್ಸುಲಿನ್ ಜೊತೆ ಬಂದ ಅಲ್ಪ ಪ್ರಮಾಣಕ್ಕೂ ಇದೇ ದಾರಿ. ಹೆಚ್ಚು ಪ್ರಮಾಣದಲ್ಲಿ ಇವು ವಿಷವೇ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಚಿಟಿಕೆ ಉಪ್ಪು ಅಡುಗೆಗೆ ಬೇಕು, ಹಿಡಿ ಉಪ್ಪು ನುಂಗಿದರೆ ಅಪಾಯ. ನಮ್ಮ ಹಕೀಮರು ಗುಂಜಿ, ಮಾಷಗಳ ಲೆಕ್ಕದಲ್ಲಿ ಮದ್ದು ತೂಗುತ್ತಿದ್ದುದೂ ಇದೇ ಕಾರಣಕ್ಕೆ.

ಯಾರಿಗೂ ತೊಂದರೆಯೇ ಆಗುವುದಿಲ್ಲವೇ?

ಆಗುತ್ತದೆ, ಆದರೆ ವಿರಳ. ಕೆಲವರಿಗೆ ಮೆಟಾಕ್ರೆಸಾಲ್ ಅಥವಾ ಫಿನಾಲ್ ಅಲರ್ಜಿ ಇರುತ್ತದೆ. ಚುಚ್ಚಿದ ಜಾಗ ಪ್ರತಿ ಸಲವೂ ಕೆಂಪಾಗಿ ಉಬ್ಬುವುದು, ತುರಿಸುವುದು, ಗಂಟಾಗುವುದು ಇದರ ಗುರುತು. ಮಂದಗತಿಯ ಇನ್ಸುಲಿನ್‌ನಲ್ಲಿರುವ ಪ್ರೊಟಮಿನ್ ಎಂಬ ವಸ್ತು, ಸತು, ಕೆಲವೊಮ್ಮೆ ಇನ್ಸುಲಿನ್ನೇ ಅಲರ್ಜಿಗೆ ಕಾರಣವಾಗಬಹುದು. ಪಂಪ್ ಬಳಸುವವರಿಗೆ ಒಂದೇ ಜಾಗದಲ್ಲಿ ಎರಡು ಮೂರು ದಿನ ನಳಿಕೆ ಇರುವುದರಿಂದ ಅಲ್ಲಿ ಉರಿಯೂತವಾಗುವುದುಂಟು. ಅದಕ್ಕೆ ಸಂರಕ್ಷಕಗಳೂ ಒಂದು ಕಾರಣವೆಂದು ತಜ್ಞರು ಗುರುತಿಸಿದ್ದಾರೆ.

ಹೀಗಾದರೆ ಇಂಜೆಕ್ಷನ್ ನಿಲ್ಲಿಸುವುದು ಪರಿಹಾರವಲ್ಲ. ಯಾವ ಇನ್ಸುಲಿನ್, ಯಾವ ದಿನ, ಯಾವ ಜಾಗದಲ್ಲಿ ಏನಾಯಿತು ಎಂದು ಬರೆದುಕೊಂಡು, ಸಾಧ್ಯವಾದರೆ ಮೊಬೈಲಿನಲ್ಲಿ ಫೋಟೋ ತೆಗೆದು ವೈದ್ಯರಿಗೆ ತೋರಿಸಿ. ಅಲರ್ಜಿ ತಜ್ಞರು ಚರ್ಮದ ಪರೀಕ್ಷೆಯಿಂದ ಕಾರಣ ಕಂಡುಹಿಡಿಯಬಲ್ಲರು. ಎಲ್ಲ ಕಂಪನಿಗಳ ಎಲ್ಲ ಬಗೆಯ ಇನ್ಸುಲಿನ್‌ನಲ್ಲಿ ಸಂರಕ್ಷಕ ಒಂದೇ ತೆರನಾಗಿ, ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಆದ್ದರಿಂದ ಬಗೆ ಬದಲಿಸಿದರೆ ಅನೇಕರ ತೊಂದರೆ ನೀಗುತ್ತದೆ. ಮೈತುಂಬ ದದ್ದು, ಮುಖ ಊತ, ಉಸಿರುಕಟ್ಟುವಿಕೆ ಬಂದರೆ ಮಾತ್ರ ಅದು ತುರ್ತು ಸ್ಥಿತಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹೊಟ್ಟೆಯ ಮೇಲೆ, ತೊಡೆಯ ಮೇಲೆ ನೋವಿಲ್ಲದ ಮೆತ್ತನೆಯ ಗಡ್ಡೆಗಳಾದರೆ ಅದಕ್ಕೆ ಸಂರಕ್ಷಕವನ್ನು ದೂರಬೇಡಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚುವುದರಿಂದ, ಹಳೆಯ ಸೂಜಿ ಬಳಸುವುದರಿಂದ ಅಲ್ಲಿ ಕೊಬ್ಬು ಬೆಳೆಯುತ್ತದೆ. ಅಂತಹ ಜಾಗದಲ್ಲಿ ಚುಚ್ಚಿದರೆ ಇನ್ಸುಲಿನ್ ಸರಿಯಾಗಿ ರಕ್ತ ಸೇರುವುದಿಲ್ಲ. ಪ್ರತಿ ಸಲವೂ ಹಿಂದಿನ ಜಾಗದಿಂದ ಒಂದು ಬೆರಳಿನಷ್ಟು ದೂರ ಸರಿದು ಚುಚ್ಚಿ.

ಹಲಾಲ್ ಕುರಿತ ಪ್ರಶ್ನೆ

ಹಿಂದೆ ಇನ್ಸುಲಿನ್ ಅನ್ನು ದನ ಮತ್ತು ಹಂದಿಯ ಗ್ರಂಥಿಯಿಂದ ತೆಗೆಯುತ್ತಿದ್ದರು. ಹಿರಿಯರ ಮನಸ್ಸಿನಲ್ಲಿ ಆ ಅಳುಕು ಈಗಲೂ ಇದೆ. 1978ರಲ್ಲಿ ಬ್ಯಾಕ್ಟೀರಿಯಾದ ಮೂಲಕ ಮಾನವ ಇನ್ಸುಲಿನ್ ತಯಾರಿಸುವ ವಿಧಾನ ಸಿದ್ಧವಾಗಿ, 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ಇಂದು ಸಾಮಾನ್ಯವಾಗಿ ಸಿಗುವುದು ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಿಂದ ತಯಾರಾದ ಇನ್ಸುಲಿನ್. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಕೂಡ ಯೀಸ್ಟ್‌ನಿಂದಲೇ ತಯಾರಿಸುತ್ತದೆ. ಪೆಟ್ಟಿಗೆಯ ಮೇಲೆ 'ಹ್ಯೂಮನ್', 'ಆರ್‌ಡಿಎನ್‌ಎ ಮೂಲ' ಎಂದಿದ್ದರೆ ಅದು ಪ್ರಾಣಿಯ ಗ್ರಂಥಿಯಿಂದ ತೆಗೆದದ್ದಲ್ಲ. ಮೇಲೆ ಹೇಳಿದ ಪ್ರೊಟಮಿನ್ ಮೀನಿನಿಂದ ಬರುವ ವಸ್ತು. ಮೆಟಾಕ್ರೆಸಾಲ್, ಫಿನಾಲ್‌ಗಳು ಪ್ರಾಣಿಜನ್ಯವಲ್ಲ. ಗ್ಲಿಸರಿನ್ ಮೂಲದ ಬಗ್ಗೆ ಸಂಶಯವಿದ್ದರೆ ಕಂಪನಿಗೆ ಬರೆದು ಕೇಳಿ. ಉತ್ತರ ಬರುವವರೆಗೆ ಇಂಜೆಕ್ಷನ್ ನಿಲ್ಲಿಸಬೇಡಿ. ಜೀವ ಉಳಿಸುವ ಅನಿವಾರ್ಯತೆಗೆ ಶರೀಅತ್ ನೀಡಿರುವ ವಿನಾಯಿತಿಯನ್ನು ನಿಮ್ಮ ಆಲಿಮರು ವಿವರಿಸುತ್ತಾರೆ.

ಚರ್ಮ ಒರೆಸುವ ಸ್ಪಿರಿಟ್ ಬಗ್ಗೆಯೂ ಕೆಲವರಿಗೆ ಸಂಕೋಚವಿದೆ. ಮನೆಯಲ್ಲಿ ಇನ್ಸುಲಿನ್ ಚುಚ್ಚಲು ಅದು ಕಡ್ಡಾಯವೇನಲ್ಲ. ಸಾಬೂನು ನೀರಿನಿಂದ ತೊಳೆದು ಒಣಗಿದ ಚರ್ಮ ಸಾಕು.

ಯುನಾನಿ ಮದ್ದು ಸಾಲದೇ?

ಇದಕ್ಕೆ ನಾನೇ ಉತ್ತರಿಸಬೇಕು. ನಮ್ಮ ಪದ್ಧತಿಯಲ್ಲಿ ಈ ರೋಗಕ್ಕೆ ಝಿಯಾಬಿತೂಸ್ ಎನ್ನುತ್ತೇವೆ. ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಇದರ ಕುರಿತು ಬರೆದಿದ್ದಾರೆ. ಗುಡ್‌ಮಾರ್ (ಮಧುನಾಶಿನಿ), ಮೆಂತ್ಯೆ, ನೇರಳೆ ಬೀಜ, ಹಾಗಲಕಾಯಿಗಳನ್ನು ನಾನೂ ಬಳಸುತ್ತೇನೆ. ಟೈಪ್ 2ರ ಆರಂಭದಲ್ಲಿ ಪಥ್ಯ, ನಡಿಗೆ, ತೂಕ ಇಳಿಕೆಯ ಜೊತೆಗೆ ಇವು ನೆರವಾಗಬಹುದು. ಆದರೆ ನಾಶವಾದ ಕೋಶಗಳ ಜಾಗದಲ್ಲಿ ಇನ್ಸುಲಿನ್ ತಯಾರಿಸುವ ಗಿಡಮೂಲಿಕೆ ಯಾವುದೂ ಇಲ್ಲ. ಟೈಪ್ 1 ಮಗುವಿನ ಇನ್ಸುಲಿನ್ ನಿಲ್ಲಿಸಿ ಎನ್ನುವವರು ಯಾವ ಪದವಿ ಪಡೆದಿದ್ದರೂ ಅವರ ಮಾತು ಕೇಳಬೇಡಿ.

ಇನ್ಸುಲಿನ್ ಜೊತೆಗೆ ಮೂಲಿಕೆ ಸೇವಿಸುವವರು ಇಬ್ಬರೂ ವೈದ್ಯರಿಗೆ ತಿಳಿಸಬೇಕು. ಎರಡೂ ಸೇರಿ ಸಕ್ಕರೆ ವಿಪರೀತ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು, ಎದೆಬಡಿತ ಕಂಡರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಮನೆಯಲ್ಲಿ ಪಾಲಿಸಬೇಕಾದ ಶುಚಿತ್ವ

ಸಂರಕ್ಷಕ ಇದೆಯೆಂದು ಶುಚಿತ್ವ ಮರೆಯುವಂತಿಲ್ಲ. ಅದು ಕಾಪಾಡುವುದು ಒಂದು ಮಿತಿಯವರೆಗೆ ಮಾತ್ರ.

• ಕೈಗಳನ್ನು ಸಾಬೂನಿನಿಂದ ತೊಳೆದು ಒರೆಸಿಕೊಂಡೇ ಬಾಟಲಿ ಮುಟ್ಟಿ.

• ತೆರೆಯದ ಬಾಟಲಿಗಳನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ. ಫ್ರೀಝರ್‌ನಲ್ಲಿ ಇಡಲೇಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ನಿರುಪಯೋಗಿ.

• ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. ಸಾಮಾನ್ಯವಾಗಿ 28 ದಿನ ಕಳೆದರೆ ಉಳಿದಿದ್ದರೂ ಬಿಸಾಡಿ. ಕೆಲವು ಬಗೆಗಳಿಗೆ ಹೆಚ್ಚು ದಿನದ ಅವಧಿ ಇದೆ, ಚೀಟಿ ನೋಡಿ.

• ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಣ್ಣಿನ ಮಡಕೆಯಲ್ಲಿ ಸ್ವಲ್ಪ ನೀರು ಹಾಕಿ, ಅದರೊಳಗೆ ಚಿಕ್ಕ ಪಾತ್ರೆಯಲ್ಲಿ ಬಾಟಲಿಯನ್ನು ನೀರು ತಾಗದಂತೆ ಇಟ್ಟು, ನೆರಳಿನಲ್ಲಿಡಿ.

• ನೀರಿನಂತೆ ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ ಬಳಸಬೇಡಿ. ಹಾಲಿನಂತೆ ಇರುವ ಬಗೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಕುಲುಕಬೇಡಿ.

• 40 ಯೂನಿಟ್‌ನ ಬಾಟಲಿಗೆ 40ರ ಸಿರಿಂಜ್ ಮಾತ್ರ. 100 ಯೂನಿಟ್‌ನ ಇನ್ಸುಲಿನ್ ಅನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಔಷಧಿ ಹೋಗಿ ಪ್ರಾಣಾಪಾಯವಾದೀತು.

• ಸೂಜಿ, ಸಿರಿಂಜ್, ಪೆನ್ ಯಾವುದನ್ನೂ ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬೇಡಿ, ಗಂಡ-ಹೆಂಡತಿಯಾದರೂ ಸರಿ. ಸೂಜಿ ಬದಲಿಸಿದರೂ ಪೆನ್ನಿನೊಳಗೆ ರಕ್ತದ ಅಂಶ ಸೇರಿರಬಹುದು. ಇದರಿಂದ ಹೆಪಟೈಟಿಸ್ ಬಿ, ಎಚ್‌ಐವಿ ಹರಡಬಲ್ಲದು, ಅದನ್ನು ಸಂರಕ್ಷಕ ತಡೆಯಲಾರದು.

• ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು ಆಸ್ಪತ್ರೆಗೆ ಅಥವಾ ಕ್ಲಿನಿಕ್ಕಿಗೆ ಕೊಡಿ. ಕಸ ಆಯುವವರ ಕೈಗೆ ಚುಚ್ಚುವ ಪಾಪ ನಮಗೆ ಬೇಡ.

ರಮಝಾನ್‌ನಲ್ಲಿ

ಟೈಪ್ 1 ಇರುವವರಿಗೆ ಉಪವಾಸ ಅಪಾಯಕರ, ವೈದ್ಯರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ರೋಗಿಗೆ ಅಲ್ಲಾಹನು ನೀಡಿದ ರಿಯಾಯಿತಿಯನ್ನು ಪಡೆಯುವುದರಲ್ಲಿ ತಪ್ಪಿಲ್ಲ. ಟೈಪ್ 2 ಇರುವವರು ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕಂಡು ಸಹರಿ ಮತ್ತು ಇಫ್ತಾರ್ ವೇಳೆಯ ಇನ್ಸುಲಿನ್ ಪ್ರಮಾಣವನ್ನು ನಿಗದಿಪಡಿಸಿಕೊಳ್ಳಬೇಕು. ಬೆರಳು ಚುಚ್ಚಿ ಸಕ್ಕರೆ ಪರೀಕ್ಷಿಸುವುದರಿಂದಲೂ, ಚರ್ಮದಡಿ ಇನ್ಸುಲಿನ್ ತೆಗೆದುಕೊಳ್ಳುವುದರಿಂದಲೂ ಉಪವಾಸ ಮುರಿಯುವುದಿಲ್ಲ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300ಕ್ಕಿಂತ ಮೇಲೇರಿದರೆ ಬಾಂಗ್‌ಗಾಗಿ ಕಾಯದೆ ಉಪವಾಸ ಬಿಡಿ.

ಕೊನೆಯದಾಗಿ ಒಂದು ಮಾತು

ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ) ನಮಗೆ ಕಲಿಸಿದ್ದಾರೆ. ಔಷಧಿಯಲ್ಲಿ ಏನಿದೆ ಎಂದು ಕೇಳುವುದೂ ನಿಮ್ಮ ಹಕ್ಕು. ಆ ತಾಯಿ ಪ್ರಶ್ನೆ ಕೇಳಿ ತಪ್ಪು ಮಾಡಲಿಲ್ಲ, ಉತ್ತರಿಸದೆ ತಪ್ಪು ಮಾಡಿದವನು ನಾನು. ಇನ್ನು ಮುಂದೆ ಇಂತಹ ಸಂದೇಶ ಬಂದರೆ ಅದನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ. ಬಾಗಿಲ ಬಳಿ ನಿಂತು ಕೇಳಬೇಡಿ, ಕುರ್ಚಿ ಎಳೆದು ಕುಳಿತು ಕೇಳಿ. ಅವಸರದಲ್ಲಿ ನಕ್ಕು ಕಳಿಸಿದರೆ ಮತ್ತೊಮ್ಮೆ ಕೇಳಿ. ಉತ್ತರ ಸಿಗುವವರೆಗೆ ಮಗುವಿನ ಇಂಜೆಕ್ಷನ್ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ.

ಆ ಹುಡುಗ ಈಗ ಎಂಟನೇ ತರಗತಿಯಲ್ಲಿದ್ದಾನೆ. ಇಂಜೆಕ್ಷನ್ ತಾನೇ ತೆಗೆದುಕೊಳ್ಳುತ್ತಾನೆ. ಬಾಟಲಿಯ ಮೇಲೆ ದಿನಾಂಕ ಬರೆಯುವ ಕೆಲಸ ಮಾತ್ರ ತಾಯಿಯದ್ದು.